ಮೊದಲು ಗಟಾರ, ಆಮೇಲೆ ಗ್ಯಾಲರಿ

ಫುಟ್‌ಬಾಲ್ ವಿಶ್ವಕಪ್ ಬಂದಾಗೊಮ್ಮೆ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲಿ ಕತಾರಿನ ಲುಸೈಲ್ ಸ್ಟೇಡಿಯಂನ ಬಂಗಾರ ಬಣ್ಣದ ಫೋಟೊ ಓಡಾಡತೊಡಗುತ್ತದೆ. ಕೆಳಗೊಂದು ಸಾಲು: ‘ನಮ್ಮೂರಾಗೂ ಇಂಥಾದ್ದೊಂದು ಆಗಬೇಕ್ರಿ.’ ಆ ಫೋಟೊದಲ್ಲಿ ಕಾಣುವುದು ಸುಮಾರು 89 ಸಾವಿರ ಕುರ್ಚಿ. ಆಟ ನಿಂತಿರುವುದು ಮಾತ್ರ ಹುಲ್ಲಿನ ಕೆಳಗಿನ ಒಂದೂವರೆ ಅಡಿಯ ಮೇಲೆ. ಕೇಳುವುದಾದರೆ ಅದನ್ನು ಕೇಳೋಣ.

ಕುರ್ಚಿಯ ಲೆಕ್ಕ ಬೇಗ ಮುಗಿಯುತ್ತದೆ. ವಿಶ್ವಕಪ್ಪಿನ ಗುಂಪು ಹಂತಕ್ಕೆ 40 ಸಾವಿರ, ಸೆಮಿಫೈನಲ್‌ಗೆ 60 ಸಾವಿರ, ಉದ್ಘಾಟನೆಗೂ ಫೈನಲ್‌ಗೂ 80 ಸಾವಿರ ಆಸನ ಬೇಕು ಅನ್ನುತ್ತದೆ ಫಿಫಾ. ಟೂರ್ನಿ ಮುಗಿದ ಮೇಲೆ ಅಷ್ಟು ಜನ ಎಲ್ಲಿಂದ ಬರಬೇಕು? 2014ರಲ್ಲಿ ಬ್ರೆಜಿಲ್, ಅಮೆಜಾನ್ ಕಾಡಿನ ನಡುವಿನ ಮನಾಸ್‌ನಲ್ಲಿ 40 ಸಾವಿರಕ್ಕೂ ಹೆಚ್ಚು ಕುರ್ಚಿಯ ಸ್ಟೇಡಿಯಂ ಕಟ್ಟಿತು. ಅಲ್ಲಿ ನಡೆದ ವಿಶ್ವಕಪ್ ಪಂದ್ಯ ನಾಲ್ಕೇ. ಬ್ರೆಸಿಲಿಯಾದ ಸ್ಟೇಡಿಯಂ ಆವರಣ ಮರುವರ್ಷವೇ ಬಸ್ಸು ನಿಲ್ಲಿಸುವ ಜಾಗವಾಯಿತು. 2018ರಲ್ಲಿ ರಷ್ಯಾದ ಯೆಕಟೆರಿನ್‌ಬರ್ಗ್‌ನವರು ಬೇರೆ ದಾರಿ ಹಿಡಿದರು: ಹಳೆಯ ಗೋಡೆ ಹಾಗೇ ಉಳಿಸಿ, ಎರಡೂ ಗೋಲಿನ ಹಿಂದೆ ಕಟ್ಟಡದಿಂದಾಚೆ ಕಬ್ಬಿಣದ ಪೈಪಿನ ತಾತ್ಕಾಲಿಕ ಗ್ಯಾಲರಿ ಎಬ್ಬಿಸಿದರು, ಟೂರ್ನಿ ಮುಗಿದ ಮೇಲೆ ಬಿಚ್ಚಿದರು. ನೋಡಿ ನಕ್ಕವರೇ ಹೆಚ್ಚು. ನನಗಂತೂ ಅದೇ ಶಾಣ್ಯಾತನ ಅನ್ನಿಸುತ್ತದೆ. ಕತಾರಿನ ‘974’ ಸ್ಟೇಡಿಯಂ ಅಂತೂ ಅಷ್ಟೇ ಸಂಖ್ಯೆಯ ಹಡಗಿನ ಕಂಟೇನರ್ ಜೋಡಿಸಿದ್ದು. ಏಳು ಪಂದ್ಯ ಆಡಿಸಿ ಬಿಚ್ಚಲಿಕ್ಕೆಂದೇ ಕಟ್ಟಿದ್ದು.

ಅಷ್ಟು ದೂರ ಯಾಕೆ, ಕ್ಯಾಸಲ್‌ರಾಕ್ ಘಾಟ್ ಇಳಿದರೆ ಮಡಗಾಂವ್. ಅಲ್ಲಿನ ಫಾತೋರ್ಡಾ ಸ್ಟೇಡಿಯಂನಲ್ಲಿ 20 ಸಾವಿರ ಜನ ಹಿಡಿಸುವುದೂ ಕಷ್ಟ. 2017ರ 17 ವರ್ಷದೊಳಗಿನ ಹುಡುಗರ ವಿಶ್ವಕಪ್, 2022ರ ಹುಡುಗಿಯರ ವಿಶ್ವಕಪ್, ಎರಡಕ್ಕೂ ಅದು ನಡೆಯಿತು.

ಈಗ ನೆಲಕ್ಕೆ ಬರೋಣ. ಆಟದ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. ಸುತ್ತ ಬಿಡುವ ಜಾಗ ಸೇರಿಸಿದರೆ ಸುಮಾರು 10 ಸಾವಿರ ಚದರ ಮೀಟರ್. ಇಷ್ಟರ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಎರಡೂವರೆ ಲಕ್ಷ ಲೀಟರ್ ನೀರು. ಅದು ಎಲ್ಲಿಗೆ ಹೋಗಬೇಕು ಅನ್ನುವುದೇ ಅರ್ಧ ಸ್ಟೇಡಿಯಂ.

ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಎರಿ ನೆಲ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ನೇರವಾಗಿ ಪೈಪ್ ಹಾಕಿದರೆ ಎರಡು ಮಳೆಗಾಲದಲ್ಲಿ ಇಳಿಜಾರು ಕೆಟ್ಟು, ನೀರು ನಡುವೆಯೇ ನಿಲ್ಲುತ್ತದೆ. ಆದ್ದರಿಂದ ಒಂದು ಮೀಟರಿನಷ್ಟು ಎರಿ ತೆಗೆದು, ಗರಸನ್ನು (ಹರಳು ಬೆರೆತ ಗಟ್ಟಿ ಮಣ್ಣು) ಅರ್ಧರ್ಧ ಅಡಿ ಹರಡಿ, ನೀರು ಹೊಡೆದು, ಪ್ರತಿ ಪದರಕ್ಕೂ ರೋಲರ್ ಓಡಿಸಬೇಕು. ಒಮ್ಮೆಲೇ ಮೂರಡಿ ಸುರಿದು ಮೇಲಷ್ಟೇ ರೋಲರ್ ಓಡಿಸಿದರೆ ಕೆಳಗಿನದು ಸಡಿಲವಾಗೇ ಉಳಿಯುತ್ತದೆ. ಧಾರವಾಡದಿಂದ ಕಲಘಟಗಿ ಕಡೆ ಮಸಾರಿ (ಕೆಂಪು ಮಣ್ಣಿನ) ನೆಲ ಸಿಕ್ಕರೆ ಈ ಖರ್ಚು ಬಹಳ ಇಳಿಯುತ್ತದೆ. ಜಾಗ ಆರಿಸುವಾಗ ರಿಂಗ್ ರೋಡಿನ ಜೊತೆ ಇದನ್ನೂ ನೋಡಬೇಕು.

ಗರಸಿನಲ್ಲಿ ಮೀನಿನ ಮುಳ್ಳಿನ ಹಾಗೆ ಕಾಲುವೆ ತೆಗೆದು, ಐದು ಮೀಟರಿಗೊಂದರಂತೆ 100 ಮಿ.ಮೀ.ನ ತೂತಿನ ಪೈಪು. ಒಟ್ಟು ಎರಡು ಕಿಲೋಮೀಟರ್ ಆಗುತ್ತದೆ. ಇಳಿಜಾರು ನೂರಕ್ಕೊಂದು. ಮೇಲೆ 10 ಸೆಂ.ಮೀ. ಸಣ್ಣ ಖಡಿ, ಅದರ ಮೇಲೆ 30 ಸೆಂ.ಮೀ. ಉಸುಕು. ಖಡಿ ದಪ್ಪನೆಯದಾದರೆ ಉಸುಕು ಸಂದಿಯಲ್ಲಿ ಇಳಿದು ಅಂಗಳ ಅಲ್ಲಲ್ಲಿ ಕುಸಿಯುತ್ತದೆ. ಕಾಂಕ್ರೀಟಿಗೆ ತಂದ 20 ಮಿ.ಮೀ. ಖಡಿ ಇಲ್ಲಿ ನಡೆಯುವುದಿಲ್ಲ.

ಉಸುಕೇ 3 ಸಾವಿರ ಘನ ಮೀಟರ್, ಅಂದರೆ ನೂರು ಘನ ಅಡಿಗೊಂದು ಬ್ರಾಸ್ ಲೆಕ್ಕದಲ್ಲಿ ಸಾವಿರ ಬ್ರಾಸ್ ಮೀರುತ್ತದೆ. ಕೆಲಸ ಕೆಡುವುದು ಇಲ್ಲೇ. ದರ ಕಡಿಮೆ ಅಂತ ತೊಳೆಯದ ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಉಸುಕು) ಬರುತ್ತದೆ, ಅದರ ಪುಡಿ ನೀರಿನ ದಾರಿ ಮುಚ್ಚುತ್ತದೆ. ಪ್ರತಿ ಟಿಪ್ಪರಿನಿಂದ ಒಂದು ಹಿಡಿ ತೆಗೆದು ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ, ಎರಡು ತಾಸು ಬಿಡಿ. ಉಸುಕಿನ ಮೇಲೆ ಕೆಸರಿನ ಪಟ್ಟಿ ದಪ್ಪಗೆ ಕೂತರೆ ಗಾಡಿ ವಾಪಸ್. ಇನ್ನೊಂದು ಹಳೇ ಚಟ: ಹುಲ್ಲು ಹಸಿರಾಗಲಿ ಅಂತ ಮೇಲೊಂದು ಪದರ ಎರಿ ಮಣ್ಣು ಹರಡುವುದು. ಕೆಳಗೆ ಹಾಕಿದ ಅಷ್ಟೂ ದುಡ್ಡಿಗೆ ಮುಚ್ಚಳ ಹಾಕಿದಂತೆ ಅದು. ಉಸುಕಿನಲ್ಲಿ ಚೆನ್ನಾಗಿ ಕಳಿತ ಗೊಬ್ಬರ ಸ್ವಲ್ಪ ಬೆರೆಸಿದರೆ ಸಾಕು.

ಹುಲ್ಲಿಗೆ ವಿದೇಶಕ್ಕೆ ಹೋಗಬೇಕಿಲ್ಲ. ಜಗತ್ತಿನ ಬಿಸಿ ಊರುಗಳ ಮೈದಾನದಲ್ಲಿ ಹಾಕುವ ಬರ್ಮುಡಾ ಅಂದರೆ ನಾವು ಗಣಪತಿಗೆ ಏರಿಸುವ ಕರಕಿಯದೇ ಕುಲ. ಆದರೆ ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ನೀರು ಬೇಡುತ್ತದೆ, ಅಂದರೆ 50 ಸಾವಿರ ಲೀಟರ್. ನಳದ ನೀರಿಗೆ ದಿನ ಎಣಿಸುವ ಊರಿನಲ್ಲಿ ಅಷ್ಟನ್ನು ಕೊಡಿ ಅನ್ನಲು ನಾಲಿಗೆ ಏಳುವುದಿಲ್ಲ. ಪೈಪಿನಿಂದ ಹೊರಬರುವ ಮಳೆನೀರನ್ನು ಹಿಡಿಯುವ ಹೊಂಡ, ಶುದ್ಧೀಕರಿಸಿದ ಕೊಳಚೆ ನೀರಿನ ಲೈನು ಎರಡೂ ಅಂದಾಜುಪಟ್ಟಿಯಲ್ಲೇ ಇರಬೇಕು.

ಮತ್ತೆ, ನಮ್ಮಲ್ಲಿ ಮೈದಾನ ಅಂದರೆ ಸಮಾವೇಶ, ಪ್ರದರ್ಶನ, ಪಟಾಕಿ ಅಂಗಡಿ. ಪೆಂಡಾಲಿನ ಒಂದು ಗೂಟ ಒಂದೂವರೆ ಅಡಿ ಇಳಿದರೆ ಪೈಪಿಗೇ ತಾಗುತ್ತದೆ. ನೀರಿನ ಟ್ಯಾಂಕರ್ ಒಳಗೆ ಬಂದರೆ ಗಾಲಿ ಹೋದಲ್ಲೆಲ್ಲ ಉಸುಕು ಗಟ್ಟಿಯಾಗಿ ಹುಲ್ಲು ಹಳದಿ ಬೀಳುತ್ತದೆ. ಇಂಥ ಕಾರ್ಯಕ್ರಮಕ್ಕೆ ಬೇರೆ ಬಯಲು ಗೊತ್ತುಮಾಡದೆ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ.

ಗ್ಯಾಲರಿ ಒಂದು ಬದಿಗೆ, ಎರಡು-ಮೂರು ಸಾವಿರ ಜನಕ್ಕೆ ಸಾಕು. ಉಳಿದ ಮೂರು ಬದಿ ತಳಪಾಯ ಮಾತ್ರ ಹಾಕಿಡಿ, ದೊಡ್ಡ ಟೂರ್ನಿ ಬಂದಾಗ ಪೈಪಿನ ಗ್ಯಾಲರಿ ಬಾಡಿಗೆಗೆ ಬರುತ್ತದೆ. ಗುತ್ತಿಗೆದಾರರ ಕೊನೆಯ ಬಿಲ್ ಪಾಸಾಗುವ ಮುಂಚೆ ಒಂದಡಿ ಅಗಲದ ಪೈಪಿನ ತುಂಡನ್ನು ಅಂಗಳದ ಹತ್ತು ಕಡೆ ನೆಲಕ್ಕೆ ಒತ್ತಿ, ಎರಡು ಸಲ ನೀರು ಕುಡಿಸಿ, ಮೂರನೇ ಸಲ ತುಂಬಿಸಿ ಗಡಿಯಾರ ಹಿಡಿದು ನಿಲ್ಲಿ. ತಾಸಿಗೆ 15 ಸೆಂ.ಮೀ. ಇಳಿಯದಿದ್ದರೆ ರಿಬ್ಬನ್ ಕತ್ತರಿಸಬೇಡಿ.