ಬಿರಿಯಾನಿ ಇಲ್ಲದ ಹೋಟೆಲಿಗೆ ತಣ್ಣಗಿನ ಬಿರಿಯಾನಿಯ ದೂರು

ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಈಗ ಎಲ್ಲರ ಮನೆಯಲ್ಲೂ ಒಂದೊಂದು ಹಳದಿ ಚೀಟಿ ಇದೆ. ಪಾರ್ಸೆಲ್ ಒಡೆದರೆ ಒಳಗೆ ಸಿಗುತ್ತದೆ. ವಿಸಿಟಿಂಗ್ ಕಾರ್ಡಿನಷ್ಟು ಅಗಲ. ಮೇಲೆ ಐದು ನಕ್ಷತ್ರ, ಕೆಳಗೆ ಕ್ಯೂಆರ್ ಕೋಡ್, ನಡುವೆ ಜೋಡಿಸಿದ ಎರಡು ಕೈ. ‘ಫೈವ್ ಸ್ಟಾರ್ ಕೊಡಿ, ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿ, ನೂರು ರೂಪಾಯಿ ಪಡೆಯಿರಿ.’ ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು: ಏನಾದರೂ ತೊಂದರೆ ಆದರೆ ದಯವಿಟ್ಟು ಒಂದು ಸ್ಟಾರ್ ಕೊಡಬೇಡಿ, ಮೊದಲು ನಮಗೆ ತಿಳಿಸಿ.

ಎಂಥ ಮರ್ಯಾದಸ್ಥರು ನೋಡಿ. ಸರ್ಕಾರಿ ಕಚೇರಿಯಲ್ಲಾದರೆ ಕೈಮುಗಿಯುವವರೂ ನಾವೇ, ದುಡ್ಡು ಕೊಡುವವರೂ ನಾವೇ. ಇಲ್ಲಿ ಅವರೇ ಕೈಮುಗಿದು ಅವರೇ ಕೊಡುತ್ತಾರೆ. ದೇಶ ಮುಂದುವರಿದಿಲ್ಲ ಅನ್ನುವವರಿಗೆ ಈ ಚೀಟಿ ತೋರಿಸಬೇಕು.

ಮೂರನೇ ಮಹಡಿಯ ವಿಜಯಪುರದ ಕಾಕು ಮೊನ್ನೆ ರೊಟ್ಟಿ ತವಾ ತರಿಸಿದರು. 4.6 ಸ್ಟಾರ್. ಎರಡನೇ ರೊಟ್ಟಿಗೇ ಹಿಡಿ ಕಳಚಿ ಕೈಗೆ ಬಂತು. ಇಷ್ಟು ಜನ ಹೊಗಳಿದ್ದಾರಲ್ಲ, ಏನು ಬರೆದಿದ್ದಾರೆ ನೋಡೋಣ ಅಂತ ಫೋನ್ ಹಿಡಿದು ಕೂತೆವು. ‘ಬ್ಲೂಟೂತ್ ತಕ್ಷಣ ಕನೆಕ್ಟ್ ಆಗುತ್ತೆ.’ ‘ಕಿವಿಯಲ್ಲಿ ಆರಾಮಾಗಿ ಕೂರುತ್ತೆ.’ ‘ಒಂದ್ಸಲ ಚಾರ್ಜ್ ಮಾಡಿದರೆ ಎರಡು ದಿನ ಚಿಂತೆಯಿಲ್ಲ.’ ಕಾಕು ಕನ್ನಡಕ ಸರಿಮಾಡಿಕೊಂಡು ತವಾವನ್ನು ಆಚೆ ಈಚೆ ತಿರುಗಿಸಿದರು. ‘ಚಾರ್ಜಿಗೆ ಎಲ್ಲಿ ಹಚ್ಚೂದು ಇದನ್ನ?’

ಇದೊಂದು ಕಲೆ. ಚೆನ್ನಾಗಿ ಮಾರಾಟವಾದ ಇಯರ್‌ಫೋನಿನ ಪುಟದಲ್ಲಿ ಫೋಟೋ ಬದಲಿಸಿ, ಹೆಸರು ಬದಲಿಸಿ, ತವಾ ಕೂರಿಸಿಬಿಡುವುದು. ಸ್ಟಾರ್‌ಗಳು ಇದ್ದಲ್ಲೇ ಇರುತ್ತವೆ. ಅಮೆರಿಕದಲ್ಲಿ ಬೌಂಟಿಫುಲ್ ಎಂಬ ವಿಟಮಿನ್ ಕಂಪನಿ ಅಮೆಜಾನ್‌ನಲ್ಲಿ ಇಂಥದ್ದೇ ಕೈಚಳಕ ತೋರಿಸಿತ್ತು. ಹೊಸ ಮಾಲನ್ನು ಹೆಸರು ಮಾಡಿದ ಹಳೇ ಮಾಲಿನ ಜೊತೆ ಜೋಡಿಸಿ ಅದರ ಸ್ಟಾರ್‌ಗಳನ್ನು ಇದಕ್ಕೂ ಉಡಿಸಿತ್ತು. 2023ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 6 ಲಕ್ಷ ಡಾಲರ್ ಕಕ್ಕಿಸಿತು. ನಮ್ಮ ಕಾಕುಗೆ ಕಕ್ಕಿಸುವವರು ಯಾರೂ ಸಿಗಲಿಲ್ಲ. ಹಿಡಿಗೆ ಬಟ್ಟೆ ಸುತ್ತಿಕೊಂಡು ರೊಟ್ಟಿ ಮುಗಿಸಿದರು.

ಕಾನೂನು ಇಲ್ಲ ಅಂತಲ್ಲ. 2020ರ ಇ-ಕಾಮರ್ಸ್ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ: ಮಾರುವವನು ತಾನೇ ಗ್ರಾಹಕ ಅಂತ ಸುಳ್ಳು ಹೇಳಿಕೊಂಡು ರಿವ್ಯೂ ಹಾಕಬಾರದು. ಬಹಳ ಒಳ್ಳೆಯ ನಿಯಮ. ಸೂರತ್ತಿನಲ್ಲೋ ದಿಲ್ಲಿಯ ಗಲ್ಲಿಯಲ್ಲೋ ಕೂತ, ಹೆಸರು ನೋಡಿದರೆ ಕೀಬೋರ್ಡಿನ ಮೇಲೆ ಬೆಕ್ಕು ಓಡಾಡಿದ ಹಾಗಿರುವ ಆ ಮಾರಾಟಗಾರನನ್ನು ನೀವು ಹುಡುಕಿಕೊಂಡು ಹೋಗಿ ಕೇಸು ಹಾಕಬಹುದು. ಅವನ ಮಾಲನ್ನು ತನ್ನ ಆ್ಯಪಿನಲ್ಲಿ ಮಾರಿಸುವ ಮಾರ್ಕೆಟ್‌ಪ್ಲೇಸ್ ಏನು ಹೇಳುತ್ತದೆ? ನಾನು ಬರೀ ಮಧ್ಯವರ್ತಿ, ಬೇರೆಯವರು ಹಾಕಿದ್ದಕ್ಕೆ ನಾನು ಹೊಣೆಯಲ್ಲ, ಐಟಿ ಕಾಯ್ದೆಯ 79ನೇ ಸೆಕ್ಷನ್ ನೋಡಿ ಸ್ವಾಮಿ. ಯಕ್ಷಗಾನ ಮೇಳದ ಯಜಮಾನನೇ ಚೌಕಿ ಕಟ್ಟಿಸಿ, ಬಣ್ಣ ಕೊಟ್ಟು, ಟಿಕೆಟ್ ಹರಿದು, ಬೆಳಗಾದ ಮೇಲೆ ‘ಆಟ ನಡೆದದ್ದು ನನಗೆ ಗೊತ್ತೇ ಇಲ್ಲ, ವೇಷ ಹಾಕಿದವನನ್ನು ಕೇಳಿ’ ಅಂದ ಹಾಗೆ.

2022ರ ನವೆಂಬರಿನಲ್ಲಿ ಸರ್ಕಾರಕ್ಕೂ ಎಚ್ಚರವಾಯಿತು. ಹೆಲ್ಮೆಟ್ಟಿಗೆ ಮಾರ್ಕು ಒತ್ತುವ ಬಿಐಎಸ್ ಎಂಬ ಸರ್ಕಾರಿ ಸಂಸ್ಥೆ ಜನರ ಅಭಿಪ್ರಾಯಕ್ಕೂ ಒಂದು ಗುಣಮಟ್ಟ ತಂದಿತು. ಐಎಸ್ 19000:2022 ಅಂತ ಅದರ ಹೆಸರು. ರಿವ್ಯೂ ಬರೆದವನು ನಿಜವಾದ ಮನುಷ್ಯನಾ ಅಂತ ಇಮೇಲ್‌ನಿಂದಲೋ ಫೋನಿನಿಂದಲೋ ಖಾತ್ರಿ ಮಾಡಿಕೊಳ್ಳಿ, ಬರೆದದ್ದನ್ನು ತಿದ್ದಬೇಡಿ, ಹೀಗೆ ಎಲ್ಲ ಜಾಣ ಮಾತು. ಒಂದೇ ಒಂದು ಸಣ್ಣ ವಿಷಯ. ಇದು ಸ್ವಯಂಪ್ರೇರಿತ. ಇಷ್ಟವಿದ್ದವರು ಪಾಲಿಸಬಹುದು. ಲೋಕಲ್ ಟ್ರೇನಿನಲ್ಲಿ ಪಿಕ್‌ಪಾಕೆಟ್ ಮಾಡುವವರಿಗೂ ಇಂಥದ್ದೊಂದು ಸ್ವಯಂಪ್ರೇರಿತ ಗುಣಮಟ್ಟ ತಂದರೆ ಕುರ್ಲಾ ಸ್ಟೇಷನ್ನಿನಲ್ಲಿ ಜನ ನೆಮ್ಮದಿಯಿಂದ ಇಳಿಯಬಹುದು. 2024ರ ಮೇ ತಿಂಗಳಲ್ಲಿ ಮತ್ತೆ ಕಂಪನಿಗಳನ್ನೆಲ್ಲ ಕೂರಿಸಿಕೊಂಡು ಸಭೆ. ಇದನ್ನು ಕಡ್ಡಾಯ ಮಾಡೋಣವೇ ಅಂತ ಅವರನ್ನೇ ಕೇಳಿದರು. ಸಭೆಯಲ್ಲಿ ಚಹಾ ಚೆನ್ನಾಗಿತ್ತು ಅಂತ ನನ್ನ ಊಹೆ, ಐದಕ್ಕೆ ಐದು.

ಮಧ್ಯವರ್ತಿ ಅಂದೆನಲ್ಲ, ಕುಕ್ಕರ್ ಕತೆ ನೆನಪಿದೆಯಾ? ಗುಣಮಟ್ಟದ ಮಾರ್ಕಿಲ್ಲದ ಪ್ರೆಶರ್ ಕುಕ್ಕರ್ ಮಾರಲು ಬಿಟ್ಟದ್ದಕ್ಕೆ 2022ರ ಆಗಸ್ಟಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೆ ದಂಡ ಹಾಕಿತು. ಕುಕ್ಕರ್ 2,265. ಅದರಿಂದ ಬಂದ ಕಮಿಷನ್ 6 ಲಕ್ಷ ರೂಪಾಯಿಗೂ ಜಾಸ್ತಿ. ದಂಡ 1 ಲಕ್ಷ. ಕುಕ್ಕರುಗಳನ್ನು ವಾಪಸ್ ತರಿಸಿ ಜನರ ದುಡ್ಡು ಕೊಡಿ ಅಂತಲೂ ಹೇಳಿದ್ದರು ಅನ್ನಿ. ಕಂಪನಿ ದಿಲ್ಲಿ ಹೈಕೋರ್ಟಿಗೆ ಹೋಯಿತು. ಆದರೆ ಪ್ರಾಧಿಕಾರ ಅವತ್ತು ಒಂದು ಮಾತು ಸರಿಯಾಗಿ ಹಿಡಿದಿತ್ತು. ಪ್ರತಿ ಮಾರಾಟದಲ್ಲೂ ನಿಮಗೆ ದುಡ್ಡು ಬರುತ್ತದೆ, ಹಾಗಿರುವಾಗ ತೊಂದರೆ ಬಂದಾಗ ದೂರ ನಿಲ್ಲಲು ಆಗುವುದಿಲ್ಲ ಅಂತ. ಕುಕ್ಕರಿಗೆ ಈ ಮಾತು ಒಪ್ಪುವುದಾದರೆ, ಕುಕ್ಕರನ್ನು ಮಾರಿಸಿದ ಸ್ಟಾರ್‌ಗೆ ಯಾಕೆ ಒಪ್ಪಬಾರದು? ಸ್ಟಾರ್ ನೋಡಿಯೇ ಅಲ್ವಾ ಜನ ಕೊಳ್ಳುವುದು? ಆ ಸ್ಟಾರ್ ಲೆಕ್ಕ ಹಾಕಿ, ಬಂಗಾರದ ಬಣ್ಣ ಬಳಿದು, ಹೆಸರಿನ ಕೆಳಗೇ ತಂದು ಕೂರಿಸುವುದು ಯಾರು?

ನಮ್ಮ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಶೆಟ್ಟರ ಹೋಟೆಲಿದೆ. ಇಡ್ಲಿ, ನೀರುದೋಸೆ, ಮಧ್ಯಾಹ್ನ ಊಟ. ಹೋದ ವರ್ಷ ಲ್ಯಾಪ್‌ಟಾಪ್ ಹಿಡಿದ ಒಬ್ಬ ಹುಡುಗ ಬಂದು ಗಲ್ಲಾದ ಮುಂದೆ ನಿಂತ. ನೂರು ರಿವ್ಯೂಗೆ ಒಂದು ರೇಟು, ಇನ್ನೂರಕ್ಕೆ ಡಿಸ್ಕೌಂಟು, ಎದುರಿನ ಹೋಟೆಲಿಗೆ ಒಂದು ಸ್ಟಾರ್ ಹಾಕಿಸುವುದಾದರೆ ಅದು ಎಕ್ಸ್‌ಟ್ರಾ. ಶೆಟ್ಟರು ಅವನಿಗೆ ಒಂದು ಪ್ಲೇಟ್ ಗೋಳಿಬಜೆ ಕೊಟ್ಟು, ‘ಇದನ್ನು ತಿಂದು ನಿಜ ಹೇಳು ಮಾರಾಯಾ, ಸಾಕು’ ಅಂದರು. ಹುಡುಗ ತಿಂದ. ಹೋದ. ವಾರದೊಳಗೆ ರಿವ್ಯೂ ಶುರುವಾಯಿತು. ಒಂದು ಸ್ಟಾರ್. ‘ಚಿಕನ್ ಬಿರಿಯಾನಿ ತಣ್ಣಗಿತ್ತು.’ ‘ಬಿರಿಯಾನಿಯಲ್ಲಿ ಪೀಸ್ ಕಡಿಮೆ.’ ಹೊರಗೆ ಆಳೆತ್ತರದ ಬೋರ್ಡು, ಶುದ್ಧ ಶಾಕಾಹಾರಿ ಅಂತ ಮರಾಠಿಯಲ್ಲಿ. ಶೆಟ್ಟರು ಆ್ಯಪಿನವರಿಗೆ ದೂರು ಕೊಟ್ಟರು. ಉತ್ತರ ಬಂತು: ನಿಮ್ಮ ದೂರನ್ನು ಪರಿಶೀಲಿಸಿದ್ದೇವೆ, ಈ ರಿವ್ಯೂ ನಮ್ಮ ನೀತಿಗೆ ವಿರುದ್ಧವಾಗಿಲ್ಲ. ಇನ್ನೊಂದು ತಮಾಷೆ ಅಂದರೆ, ಆಮೇಲೆ ಇಬ್ಬರು ಬಂದು ಬಿರಿಯಾನಿ ಕೇಳಿದರಂತೆ. ‘ಎಂಚಿನ ಮಾರಾಯ್ರೆ, ಬಿಸಿ ಇದ್ದರೆ ಕೊಡಿ ಅಂತಾರೆ’ ಅಂತ ಶೆಟ್ಟರು ನಕ್ಕರು. ನಗು ಅಷ್ಟೇನೂ ಚೆನ್ನಾಗಿರಲಿಲ್ಲ.

ಮುಂಬೈಯ ಮಾಟುಂಗಾದಲ್ಲಿ ರಾಮ ನಾಯಕರ ಬೋರ್ಡಿಂಗು 1942ರಿಂದ ನಡೆಯುತ್ತಿದೆ. ಬಾಳೆ ಎಲೆ ಊಟಕ್ಕೆ ಭಾನುವಾರ ಎಷ್ಟು ಹೊತ್ತು ಕಾಯಬೇಕು ಅಂತ ಹೋದವರಿಗೆ ಗೊತ್ತು. ಆ ಕಾಲದಲ್ಲಿ ಊರಿಂದ ಬಂದ ಹುಡುಗರಿಗೆ ಯಾವ ಖಾನಾವಳಿ ಒಳ್ಳೆಯದು ಅಂತ ರೂಮಿನವನು ಹೇಳುತ್ತಿದ್ದ. ಅವನು ಸುಳ್ಳು ಹೇಳಿದರೆ ರಾತ್ರಿ ಅದೇ ರೂಮಿಗೆ ಬಂದು ಮಲಗಬೇಕಿತ್ತು. ಅವನಿಗೆ ಯಾವ 79ನೇ ಸೆಕ್ಷನ್ನೂ ಇರಲಿಲ್ಲ.

ಸಾಕಪ್ಪ, ನಿಜವಾಗಲೂ ಸಾಕು. ಈ ಕಂಪನಿಗಳಿಗೆ ನಾನು ರಾತ್ರಿ ಹನ್ನೊಂದಕ್ಕೆ ಯಾವ ಚಪ್ಪಲಿ ನೋಡಿದೆ ಅಂತ ಗೊತ್ತು. ಜಾಸ್ತಿ ಸಲ ಮಾಲು ವಾಪಸ್ ಮಾಡುವವರನ್ನು ಲೆಕ್ಕ ಇಟ್ಟು ಹಿಡಿಯುತ್ತಾರೆ. ಒಂದೇ ರಾತ್ರಿ ಮುನ್ನೂರು ಜನ, ಒಂದೇ ವಾಕ್ಯದಲ್ಲಿ, ಒಂದೇ ಕಾಗುಣಿತದ ತಪ್ಪಿನೊಂದಿಗೆ ಹೊಗಳಿದರೆ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಕಾಣುತ್ತದೆ. ಮಾಲು ಹೋಗುತ್ತಿದೆ, ಕಮಿಷನ್ ಬರುತ್ತಿದೆ, ಸುಮ್ನೆ ಯಾಕೆ ಕೆದಕಬೇಕು ಅಂತ ಬಿಟ್ಟಿರುತ್ತಾರೆ, ಅಷ್ಟೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ರಿವ್ಯೂ ಪ್ರಕಟಿಸುವವರ ಮೇಲೇ ಹೊಣೆ ಬಿದ್ದಿದೆ. ಸುಳ್ಳು ರಿವ್ಯೂ ತಡೆಯದಿದ್ದರೆ ಜಗತ್ತಿನಾದ್ಯಂತದ ವಹಿವಾಟಿನ ಶೇ 10ರವರೆಗೆ ದಂಡ ಬೀಳಬಹುದು. ಆ ಜೂನ್‌ನಲ್ಲೇ ಅಮೆಜಾನ್ ಅಲ್ಲಿನ ಸ್ಪರ್ಧಾ ಪ್ರಾಧಿಕಾರಕ್ಕೆ ಬರೆದುಕೊಟ್ಟಿತು, ಸುಳ್ಳು ರಿವ್ಯೂನೂ ಹಿಡಿಯುತ್ತೇವೆ, ಒಂದು ಮಾಲಿನ ಸ್ಟಾರ್ ಇನ್ನೊಂದಕ್ಕೆ ಅಂಟಿಸುವುದನ್ನೂ ತಡೆಯುತ್ತೇವೆ ಅಂತ. ಶೇಕಡಾ ಹತ್ತು ಅಂದ ಕೂಡಲೇ ಕಣ್ಣಿನ ಪೊರೆ ಹೇಗೆ ಹೋಗುತ್ತದೆ ನೋಡಿ. ಕಾಕುಗೆ ಪೊರೆ ತೆಗೆಯಲು ಕೆಇಎಂ ಆಸ್ಪತ್ರೆಯಲ್ಲಿ ಡೇಟು ಕೊಟ್ಟು ಎಷ್ಟು ಕಾಲವಾಯಿತೋ.

ಈ ಐದು ಸ್ಟಾರ್‌ಗಳನ್ನು ಬರೆಯುವವರು ಯಾರು ಅಂತ ನಮ್ಮ ಬಿಲ್ಡಿಂಗಿಗೆ ಗೊತ್ತಾದದ್ದು ಎರಡನೇ ಮಹಡಿಯ ಹುಡುಗನಿಂದ. ಬಿಕಾಂ ಆಗಿದೆ, ಕೆಲಸ ಇಲ್ಲ. ಟೆಲಿಗ್ರಾಮ್‌ನಲ್ಲಿ ಮೆಸೇಜ್ ಬಂತು: ಮನೆಯಲ್ಲೇ ಕೂತು ಹೋಟೆಲುಗಳಿಗೆ ಫೈವ್ ಸ್ಟಾರ್ ಕೊಡಿ, ಒಂದಕ್ಕೆ ಐವತ್ತು ರೂಪಾಯಿ. ಗೋವಾ ರೆಸಾರ್ಟು, ಉದಯಪುರದ ಅರಮನೆ, ಎಲ್ಲಕ್ಕೂ ಕೊಟ್ಟ. ಅವನು ಕಲ್ಯಾಣದಿಂದ ಆಚೆ ಹೋದವನಲ್ಲ. ಮೊದಲು ದುಡ್ಡು ಬಂತು. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಅಂದರು, ಮೊದಲು ನೀನು ಹಾಕು, ದುಪ್ಪಟ್ಟು ಕೊಡುತ್ತೇವೆ ಅಂತ. ಮುಂಬೈ, ಪುಣೆಯ ಪೇಪರಿನಲ್ಲಿ ಓದಿ ಓದಿ ನಮಗೆಲ್ಲ ಬಾಯಿಪಾಠವಾದ ಕತೆ. ಅಮ್ಮನ ಬಳೆ ಅಡವಿಟ್ಟ ದುಡ್ಡು ಹೋಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರು, ಪೊಲೀಸರು ದುಡ್ಡಿನ ದೂರು ಬರೆದುಕೊಂಡರು. ಅವನು ಹಾಕಿದ ರಿವ್ಯೂಗಳ ಬಗ್ಗೆ ಯಾರೂ ಕೇಳಲಿಲ್ಲ. ಕೇಳುವ ಖಾನೆಯೇ ಫಾರ್ಮಿನಲ್ಲಿ ಇರಲಿಲ್ಲ.

ಹೋದ ವಾರ ಅವನಿಗೆ ಮ್ಯಾಪ್ ಕಂಪನಿಯಿಂದ ಒಂದು ಮೇಲ್ ಬಂದಿದೆ. ಅಭಿನಂದನೆಗಳು, ನಿಮ್ಮ ರಿವ್ಯೂಗಳನ್ನು ಸಾವಿರಾರು ಪ್ರವಾಸಿಗರು ನೋಡಿದ್ದಾರೆ, ಅವರಿಗೆ ಬಹಳ ಉಪಯೋಗವಾಗಿದೆ, ಹೀಗೇ ಬರೆಯುತ್ತಿರಿ. ಅಮ್ಮ ಅದನ್ನು ನಮಗೆಲ್ಲ ತೋರಿಸಿದರು. ಬಳೆ ಹೋದ ಮೇಲೆ ಆ ಮನೆಗೆ ಬಂದ ಒಳ್ಳೆ ಮಾತು ಅದೊಂದೇ.