ಸ್ಪಷ್ಟನೆ: ಮೂತ್ರದ ನೊರೆ ನೋಡಿ ಹೃದಯ ವೈಫಲ್ಯ ಎನ್ನಲಾಗದು

‘ಮೂತ್ರದಲ್ಲಿ ನೊರೆ ಬಂದರೆ ಹೃದಯ ಸೋಲುತ್ತಿದೆ ಎಂದೇ ಅರ್ಥ; ಎಕೋ (ಹೃದಯದ ಸ್ಕ್ಯಾನ್) ಬೇಡ, ಮೂತ್ರದಲ್ಲಿ ಪರೀಕ್ಷಾ ಪಟ್ಟಿ (ಬಣ್ಣ ಬದಲಿಸುವ ಸ್ಟ್ರಿಪ್) ಅದ್ದಿ ನೋಡಿದರೆ ಸಾಕು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ನಂಬಿ ಕೂತವರಿಗೆ ಅಪಾಯ ಕೂಡ.

ಮೂತ್ರ ರಭಸದಿಂದ ಬಿದ್ದರೂ ನೊರೆ ಏಳುತ್ತದೆ. ದಿನವೂ ಬರುತ್ತಿದ್ದರೆ ಪ್ರೊಟೀನ್ ಸೋರುತ್ತಿರಬಹುದು. ಆಗ ಬೆಳಗಿನ ಮೊದಲ ಮೂತ್ರದಲ್ಲಿ ಅಲ್ಬುಮಿನ್ (ಒಂದು ಪ್ರೊಟೀನ್) ಮತ್ತು ಕ್ರಿಯಾಟಿನಿನ್ (ದೇಹದ ತ್ಯಾಜ್ಯ) ಅನುಪಾತ ನೋಡಿಸಿ. ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು, ಮುಂದೆ ಹೃದ್ರೋಗದ ಅಪಾಯವೂ ಹೆಚ್ಚು. ಆದರೆ ಈಗಲೇ ಹೃದಯ ವೈಫಲ್ಯ ಇದೆ ಎಂದಲ್ಲ. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಕಠಿಣ ವ್ಯಾಯಾಮ ಇದ್ದರೂ ಅಂಕಿ ಏರುತ್ತದೆ. ಒಂದೇ ವರದಿಗೆ ಹೆದರಬೇಡಿ, ಮರುಪರೀಕ್ಷೆ ಮಾಡಿಸಿ.

ಹೃದಯ ವೈಫಲ್ಯದ ಪತ್ತೆಗೆ ಬೇಕಾದದ್ದು ಲಕ್ಷಣಗಳ ತಪಾಸಣೆ, ಇಸಿಜಿ, ರಕ್ತದ ಎನ್‌ಟಿ-ಪ್ರೊಬಿಎನ್‌ಪಿ (ಹೃದಯಕ್ಕೆ ಒತ್ತಡ ಬಿದ್ದಾಗ ಏರುವ ಅಂಶ) ಮತ್ತು ಎಕೋ. ಎನ್‌ಟಿ-ಪ್ರೊಬಿಎನ್‌ಪಿ ಮಿಲಿಲೀಟರಿಗೆ 125 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ವೈಫಲ್ಯದ ಸಾಧ್ಯತೆ ಕಡಿಮೆ. ಆದರೆ ಸ್ಥೂಲಕಾಯರಲ್ಲಿ ಈ ಅಂಕಿ ಕಡಿಮೆ ತೋರಿ ಮೋಸ ಮಾಡಬಹುದು.

ಹೃದಯ ವೈಫಲ್ಯದವರಿಗೆ ಮೂತ್ರ ಪರೀಕ್ಷೆ ನಿಜಕ್ಕೂ ನೆರವಾಗುವುದು ಆಸ್ಪತ್ರೆಯಲ್ಲಿ. ಮೂತ್ರ ಹೆಚ್ಚಿಸಿ ದೇಹದ ನೀರಿಳಿಸುವ ಫ್ಯೂರೋಸೆಮೈಡ್ ಚುಚ್ಚುಮದ್ದು ಕೊಟ್ಟ 2 ಗಂಟೆಗೆ ಮೂತ್ರದ ಸೋಡಿಯಂ ಲೀಟರಿಗೆ 50–70 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ ಔಷಧದ ಪ್ರಮಾಣ ಸಾಲದು ಎಂದು ವೈದ್ಯರು ಅರಿಯುತ್ತಾರೆ. ಪರೀಕ್ಷಾ ಪಟ್ಟಿಯಲ್ಲಿ ಈ ಸೋಡಿಯಂ ಅಂಕಿ ಕಾಣುವುದಿಲ್ಲ.

ಡಾಪಾಗ್ಲಿಫ್ಲೋಜಿನ್ (ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ, ಹೃದಯ ವೈಫಲ್ಯಕ್ಕೂ ಕೊಡುವ ಮಾತ್ರೆ) ಸೇವಿಸುವವರ ಮೂತ್ರದಲ್ಲಿ ಅದ್ದಿದ ಪರೀಕ್ಷಾ ಪಟ್ಟಿಯಲ್ಲಿ ಸಕ್ಕರೆ ಕಾಣುವುದು ಸಹಜ, ಮಾತ್ರೆ ನಿಲ್ಲಿಸಬೇಡಿ. ಮಲಗಿದರೆ ಉಸಿರು ಕಟ್ಟುವುದು, ಕಾಲು ಬಾವು, 3 ದಿನದಲ್ಲಿ 2 ಕೆ.ಜಿ. ತೂಕ ಏರಿಕೆ ಕಂಡರೆ ಪರೀಕ್ಷಾ ಪಟ್ಟಿ ಹುಡುಕದೆ ಕೂಡಲೇ ವೈದ್ಯರ ಬಳಿ ಹೋಗಿ.