ಕ್ರಿಸ್ಮಸ್ ಬೆಳಕು ನೋಡಲು ಮಂಗಳೂರಿಗೆ ಹೋಗುವವರು ಕಾರು ಮನೆಯಲ್ಲೇ ಬಿಡಿ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಕಾಸರಗೋಡು, ಕುಂಬಳೆ, ಉಪ್ಪಳ ಕಡೆಯಿಂದ "ಲೈಟಿಂಗ್ ನೋಡ್ಲಿಕ್ಕೆ" ಅಂತ ಮಂಗಳೂರಿಗೆ ಕಾರುಗಳು ಹೊರಡುತ್ತವೆ. ಅದೂ ಹೆಚ್ಚಿನವರದ್ದು 25ರ ಸಂಜೆಯೇ. ತೊಕ್ಕೊಟ್ಟಿನಲ್ಲಿ ಅರ್ಧ ಗಂಟೆ ತೆವಳಿ, ಹಂಪನಕಟ್ಟೆಯಲ್ಲಿ ಪಾರ್ಕಿಂಗಿಗೆ ಎರಡು ಸುತ್ತು ಬಂದು, ಕೊನೆಗೆ ಯಾವುದೋ ಮಾಲ್‌ನ ಪ್ಲಾಸ್ಟಿಕ್ ಮರದ ಮುಂದೆ ಸೆಲ್ಫಿ ತೆಗೆದು ವಾಪಸು. ಇಷ್ಟಕ್ಕೆ ಮಂಗಳೂರೇ ಆಗಬೇಕೆಂದಿಲ್ಲ ಮಾರಾಯ್ರೆ.

ಆ ಊರಿನ ಕ್ರಿಸ್ಮಸ್ ಇರುವುದು ಹಳೆಯ ಇಗರ್ಜಿಗಳ (ಚರ್ಚುಗಳ) ಅಂಗಳದಲ್ಲಿ, ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿಯಲ್ಲಿ, ಮನೆ ಜಗಲಿಯ ಕಾಗದದ ನಕ್ಷತ್ರದಲ್ಲಿ. ಇವು ಯಾವುವೂ ಕಾರಿನ ಗಾಜಿನಿಂದ ಕಾಣುವುದಿಲ್ಲ. ನಡೆಯಬೇಕು. ನಡೆಯಲು ಇರುವುದಾದರೂ ಎಷ್ಟು? ಮುಖ್ಯವಾದ ಮೂರು ಜಾಗಗಳನ್ನು ನೋಡಿ ರೈಲು ಸ್ಟೇಷನ್ನಿಗೆ ಮರಳಿದರೆ ಮೂರೂವರೆ ಕಿಲೋಮೀಟರ್ ಆಸುಪಾಸು.

ಮೊದಲು ದಿನದ ವಿಚಾರ. 24ಕ್ಕೆ ಮುಂಚೆ ಹೋದರೆ ನಕ್ಷತ್ರಗಳು ಸಿಗುತ್ತವೆ, ಆದರೆ ಗೋದಲಿ ಅರ್ಧ ಕೆಲಸದಲ್ಲಿರುತ್ತದೆ. ಬಾಲಯೇಸುವನ್ನು ಹುಲ್ಲಿನ ಮೇಲೆ ಮಲಗಿಸುವುದೇ 24ರ ರಾತ್ರಿಯ ಬಲಿಪೂಜೆಯ ಹೊತ್ತಿಗೆ. ಅದನ್ನು ಮಧ್ಯರಾತ್ರಿಯ ಪೂಜೆ ಎನ್ನುವುದು ರೂಢಿ, ಆದರೆ ಈಗ ಹಲವು ಕಡೆ ಸಂಜೆಯೇ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಅಂಗಳದ ತುಂಬ ಪ್ರಾರ್ಥನೆಗೆ ಬಂದವರಿರುತ್ತಾರೆ. ಅವರ ನಡುವೆ ಮೊಬೈಲ್ ಎತ್ತಿಕೊಂಡು ತಿರುಗುವುದು ನಮ್ಮ ದೇವಸ್ಥಾನದ ಉತ್ಸವಬಲಿಯ ಹೊತ್ತಿಗೆ ಯಾರೋ ಅಡ್ಡ ನಿಂತು ರೀಲ್ಸ್ ಮಾಡಿದ ಹಾಗೆ. 25 ಬಿಡಿ. 27, 28 ಸರಿಯಾದ ದಿನ. ದೀಪ ಇರುತ್ತದೆ, ಗೋದಲಿ ಪೂರ್ಣವಾಗಿರುತ್ತದೆ, ಜನ ಕಡಿಮೆ. ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಹಬ್ಬ ಜನವರಿ 6. ಸಾಮಾನ್ಯವಾಗಿ ಅಲ್ಲಿಯವರೆಗೆ ಗೋದಲಿ ಬಿಚ್ಚುವುದಿಲ್ಲ.

ರೈಲಿನಲ್ಲಿ ಹೋಗುವವರು ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ರೈಲು ನಿಲ್ಲುವುದು ಮಂಗಳೂರು ಸೆಂಟ್ರಲ್‌ನಲ್ಲೋ ಜಂಕ್ಷನ್‌ನಲ್ಲೋ? ಜಂಕ್ಷನ್ ಇರುವುದು ಪಡೀಲಿನ ಹತ್ತಿರ, ಅಲ್ಲಿ ಇಳಿದರೆ ನಡಿಗೆಯ ಲೆಕ್ಕವೇ ತಪ್ಪುತ್ತದೆ. ವಾಪಸಿನ ರೈಲನ್ನೂ ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ.

ಸಂಜೆ 4ರ ಒಳಗೆ ಸೆಂಟ್ರಲ್‌ನಲ್ಲಿ ಇಳಿದು ಹಂಪನಕಟ್ಟೆಯ ಕಡೆ ನಡೆದರೆ ಮೊದಲು ಸಿಗುವುದು ಮಿಲಾಗ್ರಿಸ್, 1680ರಲ್ಲಿ ಸ್ಥಾಪನೆಯಾದ ಇಗರ್ಜಿ. ಈಗ ಕಾಣುವ ಕಟ್ಟಡ ಆ ಕಾಲದ್ದಲ್ಲ. ಟಿಪ್ಪುವಿನ ಕಾಲದಲ್ಲಿ ಕೆಡವಿದ್ದನ್ನು ಆಮೇಲೆ ಮತ್ತೆ ಕಟ್ಟಿದ್ದು. ಅದರ ಮುಂಗೋಡೆಯನ್ನು ಹಗಲಿನ ಬೆಳಕಿನಲ್ಲಿ ಒಮ್ಮೆ ಸರಿಯಾಗಿ ನೋಡಿಕೊಂಡು ಮುಂದೆ ಹೋಗಿ. ಯಾಕೆಂದು ಆಮೇಲೆ ಹೇಳುತ್ತೇನೆ. ಅಲ್ಲಿಂದ ಬಾವುಟಗುಡ್ಡೆ ಹತ್ತಿದರೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಜೆಸ್ವಿಟ್ ಕಲಾವಿದ ಆಂಟೊನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಇದರ ಗೋಡೆ, ಮಾಡುಗಳಲ್ಲಿ ಚಿತ್ರ ಬರೆದರು. ಹಸಿ ಗಾರೆಯ ಮೇಲೆ ಬರೆದದ್ದೂ ಇದೆ, ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದೂ ಇದೆ. ಇದಕ್ಕೆ ದೀಪಾಲಂಕಾರದ ಹಂಗಿಲ್ಲ, ಕಿಟಕಿಯ ಬೆಳಕೇ ಬೇಕು. ಸಂಜೆ ಬಾಗಿಲು ಮುಚ್ಚುವುದರಿಂದ ದೀಪ ನೋಡುವ ಮೊದಲು ಇಲ್ಲಿಗೇ ಬರಬೇಕು.

ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಆಮೇಲಿನ ಅರ್ಧ ಗಂಟೆಯೇ ಇಡೀ ಸಂಜೆಯ ಸಾರ. ಆಕಾಶದಲ್ಲಿ ನೀಲಿ ಉಳಿದಿರುತ್ತದೆ, ದೀಪವೂ ಹೊತ್ತಿರುತ್ತದೆ, ಕಟ್ಟಡದ ಅಂಚು ಎರಡರ ನಡುವೆ ಸ್ಪಷ್ಟ ಕಾಣುತ್ತದೆ. ಪೂರ್ತಿ ಕತ್ತಲಾದರೆ ಬಲ್ಬು ಮಾತ್ರ ಕಾಣುತ್ತದೆ, ಕಟ್ಟಡ ಕಾಣುವುದಿಲ್ಲ. ಆ ಹೊತ್ತಿಗೆ ಗುಡ್ಡೆ ಇಳಿದು ಮಿಲಾಗ್ರಿಸ್ ಮುಂದೆ ಮತ್ತೆ ನಿಲ್ಲಿ. ಹಗಲು ನೋಡಿದ ಗೋಡೆ ನೆನಪಿದ್ದರೆ, ದೀಪ ಹಾಕಿದವರು ಕಟ್ಟಡವನ್ನು ತೋರಿಸುತ್ತಿದ್ದಾರೋ ಮುಚ್ಚುತ್ತಿದ್ದಾರೋ ಎಂದು ನೀವೇ ಹೇಳಬಹುದು.

ನನ್ನ ತಕರಾರು ಇಲ್ಲೇ ಇರುವುದು. ಹಳೆಯ ಗೋಡೆಗೆ ಕೆಳಗಿನಿಂದ ನಿಂತ ಹಳದಿ ಬೆಳಕು ಬಿಟ್ಟರೆ ಕಂಬ, ಕಮಾನು, ಗೂಡು ಎಲ್ಲ ನೆರಳಿನ ಜೊತೆ ಎದ್ದು ನಿಲ್ಲುತ್ತವೆ. ಅದೇ ಗೋಡೆಗೆ ಕ್ಷಣಕ್ಕೊಂದು ಬಣ್ಣ ಬದಲಿಸುವ ಎಲ್‌ಇಡಿ ಬಿಟ್ಟರೆ ಅದು ಮದುವೆ ಹಾಲ್ ಆಗಿಬಿಡುತ್ತದೆ. ಈ ತಪ್ಪನ್ನು ಚರ್ಚುಗಳಷ್ಟೇ ಮಾಡುವುದಲ್ಲ, ನಮ್ಮ ದೇವಸ್ಥಾನಗಳೂ ಪೈಪೋಟಿಯಲ್ಲಿವೆ.

ಫೋಟೊ ತೆಗೆಯುವವರಿಗೆ ಒಂದು ಮಾತು. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಫೋಟೊದಲ್ಲಿ ಅಡ್ಡ ಪಟ್ಟಿಗಳಾಗಿ ಬರುತ್ತದೆ. ಮೊಬೈಲಿನ ಪ್ರೊ ಮೋಡ್‌ನಲ್ಲಿ ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ.

ಅಲ್ಲಿಂದ ರೊಸಾರಿಯೊ ಕೆಥೆಡ್ರಲ್. ಪೋರ್ಚುಗೀಸರು 1568ರಲ್ಲಿ ಸ್ಥಾಪಿಸಿದ್ದು, ಊರಿನ ಇಗರ್ಜಿಗಳಲ್ಲೇ ಹಳೆಯದು. ಈಗಿನ ಗುಮ್ಮಟದ ಕಟ್ಟಡ ಕಳೆದ ಶತಮಾನದ್ದು. ಗುಮ್ಮಟ ಹತ್ತಿರದಿಂದ ಕಾಣುವುದಿಲ್ಲ, ಅಂಗಳದ ಅಂಚಿಗೆ ಸರಿದು ನೋಡಬೇಕು.

ಗೋದಲಿಯ ಮುಂದೆ ಮಾತ್ರ ಅವಸರ ಮಾಡಬೇಡಿ. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ನಮ್ಮ ಹಟ್ಟಿಯ ಶಬ್ದವೇ. ಹೀಗೆ ಕೊಟ್ಟಿಗೆಯ ದೃಶ್ಯ ಕಟ್ಟುವ ರೂಢಿಯನ್ನು 1223ರಲ್ಲಿ ಇಟಲಿಯ ಗ್ರೆಚಿಯೊದಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಶುರುಮಾಡಿದರು ಎನ್ನುತ್ತಾರೆ. ಕರಾವಳಿಗೆ ಬಂದ ಮೇಲೆ ಅದಕ್ಕೆ ಮುಳಿಹುಲ್ಲಿನ ಮಾಡು, ಬೈಹುಲ್ಲಿನ ಹಾಸಿಗೆ, ಗದ್ದೆ, ಬಾವಿ ಎಲ್ಲ ಸೇರಿತು. ಆ ಪುಟ್ಟ ಗದ್ದೆಯ ಹಸಿರನ್ನು ಅಗಲ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ, ಮೆಂತೆ, ಸಾಸಿವೆ ಬಿತ್ತಿ ಬೆಳೆಸುತ್ತಾರೆ. ಮೆಂತೆಗೆ ಐದಾರು ದಿನ ಸಾಕು, ರಾಗಿಗೆ ಎಂಟು ಹತ್ತು ದಿನ ಬೇಕು. ಅಂದರೆ ಬಿತ್ತನೆ ಡಿಸೆಂಬರ್ 14, 15ಕ್ಕೇ ಆಗಬೇಕು. ನೀರು ಹೆಚ್ಚಾದರೆ ಬುಡ ಕೊಳೆತು ವಾಸನೆ ಬರುತ್ತದೆ, ಬಿಸಿಲು ಕಾಣದಿದ್ದರೆ ಪೈರು ಬಿಳಿಚಿಕೊಂಡು ಅಡ್ಡ ಬೀಳುತ್ತದೆ. ಬಂಡೆಗೆ ಗೋಣಿಚೀಲವನ್ನು ಸಿಮೆಂಟಿನ ನೀರಿನಲ್ಲಿ ಅದ್ದಿ ಮಡಚಿ ಒಣಗಿಸುತ್ತಾರೆ. ಒಳ್ಳೆಯ ಗೋದಲಿಯ ಗುರುತು ಹೇಳಲೇ? ಬೆಳಕು ಗುಡಿಸಲಿನ ಒಳಗಿನಿಂದ ಬರುತ್ತದೆ, ಬಲ್ಬು ಮಾತ್ರ ಕಾಣುವುದಿಲ್ಲ. ಒಣ ಹುಲ್ಲಿನ ಹತ್ತಿರ ಬಿಸಿಯಾಗುವ ಹಳೆಯ ಬಲ್ಬು ಇದ್ದರೆ ಅದು ಅಂದವೂ ಅಲ್ಲ, ಕ್ಷೇಮವೂ ಅಲ್ಲ.

ಇನ್ನು ನಕ್ಷತ್ರ. ಪ್ಲಾಸ್ಟಿಕ್ಕಿನದ್ದು ಬಿಡಿ, ಬಿದಿರು ಕಾಗದದ್ದನ್ನು ಹುಡುಕಿ. ಅದು ದೀಪಾವಳಿಗೆ ನಾವು ಕಟ್ಟುವ ಗೂಡುದೀಪದ ದಾಯಾದಿ. ಅದೇ ಬಿದಿರಿನ ಸೀಳು, ಅದೇ ಅಂಟು. ಎರಡಡಿ ಉದ್ದದ ಹತ್ತು ಬಿದಿರಿನ ಸೀಳು ಬೇಕು. ಐದೈದನ್ನು ಒಂದರ ಮೇಲೊಂದು ಹಾಯಿಸಿ ಕಟ್ಟಿದರೆ ಎರಡು ನಕ್ಷತ್ರ. ಎರಡನ್ನೂ ಬೆನ್ನಿಗೆ ಬೆನ್ನು ಇಟ್ಟು ಐದು ತುದಿಗಳನ್ನು ಬಿಗಿಯಬೇಕು, ಒಳಗಿನ ಐದು ಸಂದಿಗಳಿಗೆ ನಾಲ್ಕಿಂಚಿನ ಕಡ್ಡಿ ಕೊಡಬೇಕು. ಆಗ ಹೊಟ್ಟೆ ಉಬ್ಬುತ್ತದೆ. ಐದು ಕಡ್ಡಿಯೂ ಒಂದೇ ಅಳತೆಯದ್ದಾಗಿರಬೇಕು, ಇಲ್ಲದಿದ್ದರೆ ನಕ್ಷತ್ರ ಸೊಟ್ಟಗಾಗುತ್ತದೆ. ಮೇಲೆ ಗಾಳಿಪಟದ ಕಾಗದ, ಮೈದಾ ಅಂಟು. ಹಿಂದಿನ ಒಂದು ತ್ರಿಕೋನಕ್ಕೆ ಕಾಗದ ಅಂಟಿಸಬೇಡಿ, ಬಲ್ಬು ಹಾಕಲು ಕೈ ಹೋಗಬೇಕಲ್ಲ. 3 ವ್ಯಾಟಿನ ಎಲ್‌ಇಡಿ ಸಾಕು. 40 ವ್ಯಾಟಿನ ಹಳೆಯ ಬಲ್ಬು ಹಾಕಿದರೆ ಕಾಗದ ಕಂದುತ್ತದೆ. ರಾತ್ರಿಯ ಇಬ್ಬನಿಗೆ ಮೈದಾ ಅಂಟು ಬಿಡುತ್ತದೆ, ಆದ್ದರಿಂದ ಅಂಗಳದ ಮರಕ್ಕಿಂತ ಜಗಲಿಯ ಮಾಡಿನ ಅಡಿಯೇ ಸರಿ.

ಒಂದು ಬಲ್ಬು ಹೋದರೆ ಸರವೆಲ್ಲ ಯಾಕೆ ಆರುತ್ತದೆ ಎಂದು ಕೇಳುವವರಿಗೆ: ಹಳೆಯ ಮಾಲೆಯಲ್ಲಿ 6 ವೋಲ್ಟಿನ 40 ಬಲ್ಬುಗಳು ಒಂದೇ ದಾರಿಯಲ್ಲಿ ಸಾಲಾಗಿರುತ್ತವೆ, ಒಟ್ಟು 240 ವೋಲ್ಟ್. ಕೆಟ್ಟ ಬಲ್ಬನ್ನು ತೆಗೆದು ಎರಡು ವಯರು ತಿರುಚಿ ಸೇರಿಸಿದರೆ ಮಾಲೆ ಉರಿಯುತ್ತದೆ, ಆದರೆ ಉಳಿದವಕ್ಕೆ ಹೆಚ್ಚು ವೋಲ್ಟೇಜು ಬಿದ್ದು ಅವೂ ಬೇಗ ಹೋಗುತ್ತವೆ. ನಾಲ್ಕೈದು ಸಲ ಹೀಗೆ ಮಾಡಿದ ಮಾಲೆಯನ್ನು ಗುಜರಿಗೆ ಹಾಕಿ.

ವಾಪಸು ಹೊರಡುವ ಮೊದಲು ಬೇಕರಿಯಲ್ಲಿ ಕುಸ್ವಾರ್, ಅಂದರೆ ಇಲ್ಲಿಯ ಕ್ರಿಸ್ಮಸ್ ತಿಂಡಿಗಳನ್ನು ಕೇಳಿ. ಪ್ಲಮ್ ಕೇಕ್ ಎಲ್ಲ ಕಡೆ ಸಿಗುತ್ತದೆ. ನೇವ್ರಿ, ಕಿಡಿಯೊ, ಗುಳಿಯೊ ಹಾಗಲ್ಲ.

ಇಷ್ಟೆಲ್ಲ ಮಂಗಳೂರಿನ ಮಾತಾಯಿತು. ನಮ್ಮಲ್ಲೇ, ಕುಂಬಳೆ–ಬದಿಯಡ್ಕ ರಸ್ತೆಯಲ್ಲಿ, 1890ರ ಬೇಳ ಇಗರ್ಜಿ ಇದೆ, ಗಾಥಿಕ್ ಶೈಲಿಯದ್ದು. 1956ರಲ್ಲಿ ರಾಜ್ಯದ ಗಡಿ ಬದಲಾದರೂ ಬೇಳ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದ್ದೇ. ಸುತ್ತ ಅಂಗಡಿ ಬೋರ್ಡುಗಳ ಝಗಝಗ ಇಲ್ಲ, ಕತ್ತಲೆ ಕತ್ತಲೆಯಾಗಿಯೇ ಇದೆ. ಪೇಟೆಯಲ್ಲಿ ನೂರು ಕಟ್ಟಿದರೂ ಗಮನಕ್ಕೆ ಬಾರದ ಕಾಗದದ ನಕ್ಷತ್ರ ಇಲ್ಲಿ ಒಂದಿದ್ದರೂ ದೂರಕ್ಕೆ ಕಾಣುತ್ತದೆ. ರಾತ್ರಿಯ ಬಸ್ಸನ್ನು ನಂಬಿಕೊಂಡು ಹೋಗುವಂತಿಲ್ಲ, ಆದ್ದರಿಂದ ಕಾರು ತರುವುದಾದರೆ ಇಲ್ಲಿಗೆ ತನ್ನಿ. ಹೆಡ್‌ಲೈಟ್ ಆರಿಸಿ ಎರಡು ನಿಮಿಷ ಸುಮ್ಮನಿದ್ದು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಇಳಿಯಿರಿ.